ನಾಲ್ಕನೆಯವ

ಮೂವರು ಸಿಕ್ಕರೆ ಸಮಾಧಾನವಿಲ್ಲ, ನಾಲ್ಕನೆಯವನನ್ನು ಹಿಡಿದು ತಂದೇ ತೀರಬೇಕು ಎನ್ನುವವನೊಬ್ಬ ಪ್ರತಿ ಊರಲ್ಲೂ ಇರುತ್ತಾನೆ. ಹಿಂದೆ ಅವನು ಗಣಪತಿಗೆ ಚಂದಾ ಎತ್ತುತ್ತಿದ್ದ, ವಾಲಿಬಾಲ್ ನೆಟ್ ಕಟ್ಟುತ್ತಿದ್ದ, ತಾಳದವನನ್ನು ಊಟದ ಮಧ್ಯೆ ಎಬ್ಬಿಸಿ ಭಜನೆಗೆ ಎಳೆದೊಯ್ಯುತ್ತಿದ್ದ. ತೆಲಂಗಾಣದ ತಾಂಡೂರಿನ ಹತ್ತಿರದ ಪೆದ್ದೆಮುಲ್‌ನ ನಮ್ಮ ಓಣಿಯಲ್ಲಿ ಈಗ ಮೊಬೈಲ್ ಆಟಕ್ಕೆ ಸ್ಕ್ವಾಡ್ ಕಟ್ಟುತ್ತಾನೆ. ಊರಿಗೆಲ್ಲ ಅವನು ಕ್ಯಾಪ್ಟನ್. ನನಗೆ ಅಣ್ಣನ ಮಗ, ಹಾಗಾಗಿ ತಪ್ಪಿಸಿಕೊಳ್ಳಲು ದಾರಿಯಿಲ್ಲ.

2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿಯೂ ಸೇರಿ 118 ಆಪ್‌ಗಳನ್ನು ನಿಷೇಧಿಸಿದಾಗ ಇವನು ಸೂತಕ ಆಚರಿಸಿದ. ಆಮೇಲೆ ಎಲ್ಲಿಂದಲೋ ಸರ್ವಿವ್ ಡಾಟ್ ಐಒ ಎಂಬ ಆಟ ಹುಡುಕಿ ತಂದ. ಡೌನ್‌ಲೋಡ್ ಬೇಡ, ಬ್ರೌಸರ್ ತೆರೆದರಾಯಿತು. ಮೇಲಿನಿಂದ ಕಾಣುವ ಹಸಿರು ಮೈದಾನ, ದುಂಡು ತಲೆಯ ಆಟಗಾರರು, ಸುತ್ತಲಿಂದ ಮುತ್ತಿ ಬರುವ ಕೆಂಪು ವಲಯ. ಸ್ಕ್ವಾಡಿಗೆ ನಾಲ್ವರು. ವಾಟ್ಸಾಪಿಗೆ ಲಿಂಕ್ ಬರುತ್ತದೆ, ಒತ್ತಿದರೆ ನೀವು ಸಿಪಾಯಿ. ಜನ ಕಡಿಮೆ ಬಿದ್ದಾಗ ಒಂದು ಗುಂಡಿ ಒತ್ತಿದರೆ ಆಟವೇ ಯಾರೋ ಅಪರಿಚಿತನನ್ನು ತುಂಬಿಕೊಡುತ್ತದೆ. ಆ ಗುಂಡಿಯನ್ನು ಕ್ಯಾಪ್ಟನ್ ಒಮ್ಮೆಯೂ ಮುಟ್ಟಿದವನಲ್ಲ. "ಅವನ ಮನಿ ಎಲ್ಲದ ಅಂತ ನಮಗೇನ್ ಗೊತ್ತು ಕಾಕಾ? ನೀವೇ ಬರ್ರಿ."

ನನಗೆ ಸಿಕ್ಕಿದ್ದು ಡಾಕ್ಟರಿಕೆ. ಬ್ಯಾಂಡೇಜು, ಸೋಡಾ ಹೆಕ್ಕಿಕೊಂಡು ಅವನ ಹಿಂದೆ ತಿರುಗಬೇಕು. ಒಳ್ಳೆಯ ಬಂದೂಕು ಕಂಡರೆ ಅವನಿಗೆ ಬಿಡಬೇಕು. ಬಿದ್ದವನ ಪಕ್ಕ ಕೆಲವು ಸೆಕೆಂಡು ಕದಲದೆ ಇದ್ದರೆ ಅವನು ಎದ್ದೇಳುತ್ತಾನೆ. ನಮ್ಮಲ್ಲಿ ಮೊದಲು ಬೀಳುವವನು ಕ್ಯಾಪ್ಟನ್ನೇ. ಉಳಿದವರಿಗೆ ಹುಕುಂ ಕೊಡುವ ಭರದಲ್ಲಿ ಗುಂಡು ಹಾರಿಸಲು ಅವನಿಗೆ ಪುರುಸೊತ್ತೆಲ್ಲಿ? ಆಟದೊಳಗೆ ಮಾತಿಲ್ಲ, ಬರೀ ಚಿಹ್ನೆ. ಆದ್ದರಿಂದ ಮಾಳಿಗೆಯ ಮೇಲಿಂದ ಕೂಗುತ್ತಾನೆ: ಹುಕುಂ ತೆಲುಗಿನಲ್ಲಿ, ಬೈಗುಳ ಕನ್ನಡದಲ್ಲಿ, ಸಮಾಧಾನ ದಖ್ಖನಿಯಲ್ಲಿ.

ಒಂದು ಸಂಜೆ ನನಗೆ ಬಾಣಲೆ ದೊರೆಯಿತು. ಆ ಆಟದಲ್ಲಿ ಬಾಣಲೆ ಬೆನ್ನಿಗಿದ್ದರೆ ಹಿಂದಿನಿಂದ ಬಂದ ಗುಂಡು ಟಣ್ಣೆಂದು ಸಿಡಿದು ಹೋಗುತ್ತದೆ. ಶತ್ರುವಿಗೆ ಬೆನ್ನು ತೋರಿಸುವುದೇ ಪರಾಕ್ರಮವೆನ್ನುವ ಆಟ ನನ್ನ ವಯಸ್ಸಿಗೂ ಸ್ವಭಾವಕ್ಕೂ ಒಗ್ಗಿತು. ಕ್ಯಾಪ್ಟನ್ ಬಂಡೆಯ ಪಕ್ಕ ಎಂದಿನಂತೆ ಬಿದ್ದಿದ್ದ. ವೈರಿಯ ಕಡೆ ಬೆನ್ನು ಮಾಡಿ ಚಿಕಿತ್ಸೆ ಶುರು ಮಾಡಿದೆ. ಟಣ್, ಟಣ್. "ಹಂಗೇ ನಿಂದರ್ರಿ ಕಾಕಾ, ಅಲ್ಲಾಡಬ್ಯಾಡ್ರಿ!" ಅಲ್ಲಾಡಲಿಲ್ಲ. ಅಷ್ಟರಲ್ಲಿ ಎದುರಿನಿಂದ ಇನ್ನೊಬ್ಬ ಬಂದ. ಎದೆಗೆ ಬಾಣಲೆ ಎಲ್ಲಿಂದ ತರಲಿ?

ಆಟ ಐದು ನಿಮಿಷದ್ದು, ಆಮೇಲಿನ ಪಂಚಾಯ್ತಿ ಒಂದು ತಾಸಿನದು. ತೀರ್ಪು: ಕಾಕಾ ಹೆದರಿ ಬೆನ್ನು ತೋರಿಸಿದರು. ಮರುದಿನ ಚಹಾ ಹೋಟೆಲಿನಲ್ಲಿ ಮೀಸೆ ಚಿಗುರದ ಹುಡುಗನೊಬ್ಬ ಕೇಳಿದ: "ಬಾಣಲಿ ಮನ್ಯಾಗ ಬಿಟ್ಟು ಬಂದೀರೇನ್ರಿ?"

ಇಷ್ಟೆಲ್ಲ ಸಂಘಟನಾ ಶಕ್ತಿ ಹೊಲಕ್ಕೆ ಬಂದರೆ ಮಾಯ.  ತೊಗರಿ ರಾಶಿಗೆ ನಾಲ್ಕು ಆಳು ಹುಡುಕಿ ಬಾ ಎಂದು ಅಣ್ಣ ಕಳಿಸಿದರೆ ಕ್ಯಾಪ್ಟನ್ ಕತ್ತಲಾದ ಮೇಲೆ ಒಬ್ಬನೇ ಬರುತ್ತಾನೆ.

ಆದರೂ ಬೈಯಲು ಬಾಯಿ ಬರುವುದಿಲ್ಲ. ಸ್ಕ್ವಾಡಿನ ಒಬ್ಬ ತಾಂಡೂರಿನಲ್ಲಿ ಫರಸಿ ಕಲ್ಲು ಪಾಲಿಶ್ ಮಾಡುತ್ತಾನೆ, ಇನ್ನೊಬ್ಬ ಹೈದರಾಬಾದಿನಲ್ಲಿ ಪಾರ್ಸೆಲ್ ಹಂಚುತ್ತಾನೆ. ಆಟ ಶುರುವಾಗುವ ಮುಂಚೆ ಕ್ಯಾಪ್ಟನ್ ಫೋನಿನಲ್ಲಿ ಹಾಜರಿ ತೆಗೆಯುತ್ತಾನೆ: ಉಂಡಿಯೇನ? ಪಗಾರ ಬಂತೇನ? ಅವ್ವಗ ಫೋನ್ ಹಚ್ಚಿದೇನ? ಹಚ್ಚಿಲ್ಲ ಎಂದವನಿಗಾಗಿ ಆಟ ನಿಲ್ಲುತ್ತದೆ. ಊರಲ್ಲಿದ್ದಾಗ ಈ ಹುಡುಗರು ಒಂದೇ ಕಟ್ಟೆಯ ಮೇಲೆ ಕೂತು ಜಗಳಾಡುತ್ತಿದ್ದರು. ಈಗ ನಾಲ್ಕು ದುಂಡು ತಲೆಗಳಾಗಿ ಒಂದೇ ಬಂಡೆಯ ಹಿಂದೆ ಅಡಗಲು ಮೂರು ಊರುಗಳ ನೆಟ್ ಬೇಕು.

2023ರಲ್ಲಿ ಆಟವನ್ನೇ ಮುಚ್ಚಿದರು. ಡಾಕ್ಟರಿಕೆ ತೀರಿತೆಂದು ನಾನು ಸುಖವಾಗಿದ್ದೆ. ಮೊನ್ನೆ ಅಂಥದೇ ಇನ್ನೊಂದು ಸಿಕ್ಕಿತಂತೆ, ಲಿಂಕ್ ಬಂತು: "ಕಾಕಾ, ಪಾರ್ಸೆಲ್ ಹುಡುಗಗ ರಾತ್ರಿ ಡ್ಯೂಟಿ ಅದ. ಮೂವರೇ ಇದ್ದೀವಿ, ಕಾಕಿಗೂ ಕರ್ಕೊಂಡ್ ಬರ್ರಿ."

ಇವಳು ಆಗಲೇ ಫೋನ್ ಚಾರ್ಜಿಗೆ ಹಾಕಿದ್ದಾಳೆ. ಬಂದೂಕು ತನಗೇ ಬೇಕಂತೆ.