ಅರಗಿನ ಸೀರೆ, ಬಿಸ್ಕತ್ತಿನ ಗೋಡೆ

ದೊಡ್ಡಬಳ್ಳಾಪುರದಲ್ಲಿ ಹೊಸ ಮನೆ ಕಟ್ಟಿಸುವ ಮಗ್ಗದ ಯಜಮಾನರನ್ನು ಗುರುತಿಸುವುದು ಸುಲಭ. ಜೇಬಿನಲ್ಲಿ ಕನ್ನಡಕದ ಜೊತೆಗೆ ಶೇಡ್ ಕಾರ್ಡ್ ಇರುತ್ತದೆ. ಟೈಲ್ಸು, ಬಾಗಿಲು, ನಲ್ಲಿಗಳನ್ನೆಲ್ಲ ಮಗನಿಗೆ ಬಿಟ್ಟುಕೊಟ್ಟವರು ಹಾಲಿನ ಗೋಡೆಯ ವಿಷಯ ಬಂದಾಗ ಮಾತ್ರ ಎದ್ದು ಬರುತ್ತಾರೆ. ಆರಿಸಬೇಕಾದದ್ದು ಎರಡರಲ್ಲಿ ಒಂದು, ಎರಡೂ ಬಿಸ್ಕತ್ ಕಲರ್. "ಇದರಲ್ಲಿ ಹಳದಿ ಜಾಸ್ತಿ, ಅದರಲ್ಲಿ ಕೆಂಪು ಎಳೀತಿದೆ" ಎನ್ನುತ್ತಾರೆ. ಮನೆಯವರಿಗೆ ಎರಡೂ ಬಿಸ್ಕತ್ತೇ.

ನಗಬೇಡಿ. ಪವರ್‌ಲೂಮಿನ ಸದ್ದಿನಲ್ಲೇ ತಲೆ ನರೆತ ಮನುಷ್ಯ. ಬೇರೆ ಬೇರೆ ಲಾಟಿನಲ್ಲಿ ಬಣ್ಣ ಹಾಕಿಸಿದ ನೂಲು ಲಡಿಯಾಗಿದ್ದಾಗ ಒಂದೇ ತರಹ. ಹೊಕ್ಕಿಗೆ ಹಾಕಿ ನೇಯ್ದರೆ ಸೀರೆಯ ಮಧ್ಯೆ ಪಟ್ಟೆ ಏಳುತ್ತದೆ. ಚಿಕ್ಕಪೇಟೆಯ ಸಾಹುಕಾರರು ಬೆರಳಿಟ್ಟು ತೋರಿಸಿ ರೇಟು ಇಳಿಸುವುದು ಅಲ್ಲೇ.

ಹಾಗಾಗಿ ಸ್ಯಾಂಪಲ್ ಡಬ್ಬಿ ತರಿಸಿ ಕಿಟಕಿ ಪಕ್ಕ ಒಂದೊಂದು ಚೌಕ ಬಳಿಸುತ್ತಾರೆ. ಬೆಳಗಿನ ಬಿಸಿಲಿಗೆ ಎಡಗಡೆಯದು ಗೆಲ್ಲುತ್ತದೆ. ಸಂಜೆ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಹಾಕಿದರೆ ಅದೇ ಸಪ್ಪೆ ಮುಖ ಮಾಡುತ್ತದೆ. 3000ದ ಹಳದಿ ಬಲ್ಬು ಸಿಕ್ಕಿಸಿದರೆ ಎರಡಕ್ಕೂ ತುಪ್ಪ ಸವರಿದ ಹಾಗೆ. ಒಣಗಿದ ಮೇಲೆ ಬಣ್ಣ ಇನ್ನಷ್ಟು ಗಾಢ; ಎರಡನೇ ಕೋಟ್ ಆಗದೆ ತೀರ್ಪಿಲ್ಲ.

"ಯಜಮಾನ್ರೇ, ಸೋಫಾ ಬರುತ್ತೆ, ಟೀವಿ ಬರುತ್ತೆ, ದೇವ್ರ ಫೋಟೋ ಬರುತ್ತೆ. ಗೋಡೆ ಎಲ್ಲಿ ಕಾಣುತ್ತೆ?" ಎನ್ನುತ್ತಾನೆ ಪೇಂಟರ್. ದಿನಗೂಲಿಯವನಾದ್ದರಿಂದ ಅವಸರವೇನೂ ಇಲ್ಲ.

"ಸುಮ್ನಿರಪ್ಪ, ನಿಂಗೆ ಗೊತ್ತಾಗಲ್ಲ."

ಅಡುಗೆಮನೆಯಿಂದ ಯಜಮಾನತಿಯ ಪ್ರಶ್ನೆ: "ರೀ, ಇಷ್ಟೆಲ್ಲಾ ಬಣ್ಣ ನೋಡ್ತೀರಲ್ಲ, ನನ್ನ ಧಾರೆ ಸೀರೆ ಯಾವ ಕಲರ್ರು, ಹೇಳಿ ನೋಡೋಣ?"

"ಅರಗಿನ ಕಲರ್ರು. ಸೆರಗಿನ ಹತ್ರ ಲಾಟ್ ಚೇಂಜ್ ಆಗಿದೆ."

ಆಮೇಲೆ ಆಕೆ ಬಣ್ಣದ ಮಾತೆತ್ತುವುದಿಲ್ಲ.

ಕೊನೆಗೆ ಅಂಗಡಿಯ ಮಿಷನ್ ಬಿಳಿ ಬೇಸಿಗೆ ಹಳದಿ, ಕೆಂಪು, ಕಪ್ಪು ತೊಟ್ಟಿಕ್ಕಿಸುವಾಗ ಎದುರಿಗೇ ನಿಲ್ಲುತ್ತಾರೆ. ಎರಡು ಶೇಡಿನ ನಡುವಿನ ಅಂತರ ಆ ತೊಟ್ಟುಗಳಷ್ಟೇ. ಪೂರ್ತಿ ಮನೆಗೆ ಬೇಕಾದದ್ದನ್ನು ಒಟ್ಟಿಗೇ ಕೊಂಡು, ಡಬ್ಬಿಗಳನ್ನೆಲ್ಲ ಒಂದೇ ಡ್ರಮ್ಮಿಗೆ ಸುರಿಸಿ ಕಲಸುತ್ತಾರೆ. ಪಕ್ಕಾ ಬುದ್ಧಿವಂತಿಕೆ, ಗೋಡೆಯಲ್ಲಿ ಎಲ್ಲೂ ಪಟ್ಟೆಯಿಲ್ಲ.

ಗೃಹಪ್ರವೇಶಕ್ಕೆ ದೇವನಹಳ್ಳಿಯ ಬೀಗರು ಬರುತ್ತಾರೆ. ಗೋಡೆ ತಡವಿ ತಲೆದೂಗುತ್ತಾರೆ.

"ಪ್ರೈಮರ್ ಚೆನ್ನಾಗಿ ಕೂತಿದೆ ಯಜಮಾನ್ರೇ. ಬಣ್ಣ ಯಾವಾಗ ಹೊಡೆಸ್ತೀರಿ?"