ಕಾರಿಗೊಂದು ಕೊಸರು

ಎರಡು ಕಟ್ಟು ದಂಟಿನ ಸೊಪ್ಪು ಕೊಂಡರೆ ನಾಲ್ಕೆಸಳು ಕರಿಬೇವನ್ನು ಕೊಸರು ಹಾಕಿಸಿಕೊಳ್ಳದೆ ಎದ್ದು ಬಂದವಳಲ್ಲ ನನ್ನ ಹೆಂಡತಿ. ಇಂಥವಳ ಜೊತೆ ಇಪ್ಪತ್ತೈದು ವರ್ಷ ಬಾಳಿದ್ದೇನೆ, ಚೌಕಾಸಿಯ ವಿದ್ಯೆ ನನಗೂ ಅಷ್ಟಿಷ್ಟು ಅಂಟಿರಲೇಬೇಕು ಎಂಬ ಧೈರ್ಯದಲ್ಲಿ ಒಬ್ಬನೇ ಕಾರು ಕೊಳ್ಳಲು ಹೊರಟೆ. ಅದೂ ಆಷಾಢದಲ್ಲಿ. ಶುಭಕಾರ್ಯಕ್ಕೆ ಯಾರೂ ಕೈಹಾಕದ ಆ ತಿಂಗಳು ಷೋರೂಮುಗಳು ನೊಣ ಹೊಡೆಯುತ್ತಿರುತ್ತವೆ, ರಿಯಾಯಿತಿ ಗ್ಯಾರಂಟಿ ಎಂಬುದು ನನ್ನ ಲೆಕ್ಕ.

ಜಾಹೀರಾತಿನಲ್ಲಿ ಬೆಲೆ 8 ಲಕ್ಷ ಎಂದಿತ್ತು. ಕಾಫಿ ಕೊಟ್ಟು ಕೂರಿಸಿದ ಹುಡುಗ ಕೈಗಿತ್ತ ಕೊಟೇಷನ್ನಿನಲ್ಲಿ ಅದು ಮೊದಲ ಸಾಲು ಮಾತ್ರ. "ಅದು ಎಕ್ಸ್-ಷೋರೂಂ ಸರ್, ಆನ್-ರೋಡ್ ಬೇರೆ" ಎಂದ. ಷೋರೂಮಿನ ಒಳಗೇ ಓಡಿಸಿಕೊಂಡಿರುವುದಾದರೆ 8 ಲಕ್ಷ ಎಂದು ನಾನು ಅರ್ಥ ಮಾಡಿಕೊಂಡೆ.

ಎರಡನೆಯ ಸಾಲು ಜೀವಾವಧಿ ತೆರಿಗೆ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ. 14, ಅಂದರೆ 1,12,000 ರೂಪಾಯಿ. ಆ 8 ಲಕ್ಷದ ಹೊಟ್ಟೆಯಲ್ಲಿ ಜಿಎಸ್‌ಟಿ ಆಗಲೇ ಕೂತಿದೆ. ತೆರಿಗೆಯ ಮೇಲೆ ತೆರಿಗೆ, ಅದರ ಮೇಲೆ ಸೆಸ್! ಜೀವಾವಧಿ ಶಿಕ್ಷೆಗಾದರೂ ಸನ್ನಡತೆಯ ರಿಯಾಯಿತಿ ಉಂಟು. ಈ ತೆರಿಗೆಗೆ ಅದೂ ಇಲ್ಲ.

ಆಮೇಲೆ ವಿಮೆ, ಫಾಸ್ಟ್ಯಾಗ್, ಮ್ಯಾಟು, ಮಡ್‌ಫ್ಲ್ಯಾಪು, ಟೆಫ್ಲಾನ್ ಕೋಟಿಂಗು. ಕೊನೆಗೆ "ಹ್ಯಾಂಡ್ಲಿಂಗ್ ಚಾರ್ಜ್ 9,500". ಆಷಾಢದ ರಿಯಾಯಿತಿ? ಉಂಟು, 10,000. ಎಡಗೈಲಿ ಕೊಟ್ಟು ಬಲಗೈಲಿ ಕಿತ್ತುಕೊಂಡ ಲೆಕ್ಕದಲ್ಲಿ ನನಗೆ ಉಳಿದದ್ದು ಐನೂರು ರೂಪಾಯಿ.

ಮನೆಗೆ ಬಂದು ಹಾಳೆ ತೋರಿಸಿದೆ. ಮರುದಿನ ಹೆಂಡತಿಯೇ ಹೊರಟಳು, ಹಿಂದೆ ನಾನು.

"ಹ್ಯಾಂಡ್ಲಿಂಗ್ ಅಂದ್ರೆ ಏನಪ್ಪಾ?"

"ಗೋಡೌನಿಂದ ಷೋರೂಮಿಗೆ ತರೋ ಖರ್ಚು ಮೇಡಂ."

"ಷೋರೂಮಿಗೆ ತರದೇನೇ ಅದು ಎಕ್ಸ್-ಷೋರೂಂ ರೇಟ್ ಹೇಗಾಯ್ತು?"

ಹುಡುಗ ಮ್ಯಾನೇಜರ್ ಕಡೆ ನೋಡಿದ, ಮ್ಯಾನೇಜರ್ ಫ್ಯಾನಿನ ಕಡೆ ನೋಡಿದರು. ಆ ಸಾಲು ಹೋಯಿತು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದರ ದರ ಸರ್ಕಾರ ಗೊತ್ತುಮಾಡಿದ್ದು. ಆದರೆ ಕಾರಿನ ಸ್ವಂತ ಹಾನಿಯ ವಿಮೆಯಲ್ಲಿ ಚೌಕಾಸಿಗೆ ಜಾಗ ಉಂಟು, ಅದನ್ನು ಹೊರಗಿನಿಂದಲೂ ಮಾಡಿಸಬಹುದು. ಹೆಂಡತಿ ಹಾಗೆಂದದ್ದೇ ತಡ, ಅಲ್ಲೂ ಏಳು ಸಾವಿರ ಇಳಿಯಿತು. ಸೋತ ಹುಡುಗ ಪಿಸುದನಿಯಲ್ಲಿ ನಿಜ ಹೇಳಿದ: "ಕಾರಲ್ಲಿ ಏನೂ ಗಿಟ್ಟಲ್ಲ ಸರ್. ವಿಮೆ, ಸಾಲ, ಆಕ್ಸೆಸರಿ, ಇವೇ ನಮಗೆ ಅನ್ನ."

ಹೊರಡುವಾಗ ಡ್ಯಾಷ್‌ಬೋರ್ಡಿಗೊಂದು ಪುಟ್ಟ ಗಣಪತಿ ಇಟ್ಟು "ನಮ್ಮ ಕಡೆಯಿಂದ ಸರ್" ಎಂದ. ಕೊನೆಗೂ ಕೊಸರು ಸಿಕ್ಕಿತೆಂದು ಕೈಮುಗಿದೆ. ಮನೆಯಲ್ಲಿ ಬಿಲ್ಲು ಬಿಚ್ಚಿದರೆ ಆಕ್ಸೆಸರಿ ಪಟ್ಟಿಯ ಕಟ್ಟಕಡೆಗೆ ಇತ್ತು: "ಐಡಲ್, 450".

ಸೊಪ್ಪಿನಂಗಡಿಯಲ್ಲಿ ಕೊಸರು ಕೊಡುವವರು ಮಾರುವವರು, ಷೋರೂಮಿನಲ್ಲಿ ಕೊಳ್ಳುವವರು. ಆದ್ದರಿಂದ ಕೊಟೇಷನ್ ಕೈಗೆ ಬಂದಾಗ ಸರ್ಕಾರದ ಸಾಲುಗಳಿಗೆ ತಲೆಬಾಗಿ, ಉಳಿದ ಪ್ರತಿಯೊಂದು ಸಾಲಿಗೂ ಕೊಸರಾಡಿ.