ಕೂತವನೇ ಪಂಡಿತ

“ಪರೀಕ್ಷೆಯಿಲ್ಲದ ಪಾಠ ಹೇಳೋದೇನು ಮಹಾ ಕಷ್ಟ ಸ್ವಾಮಿ?” ಎನ್ನುತ್ತಾನೆ ಪೂರ್ವಪಕ್ಷಿ. ಕಷ್ಟವಿರುವುದೇ ಅಲ್ಲಿ. ಬ್ರಿಟನ್ನಿನಲ್ಲಿ 2009ರ ಸೆಪ್ಟೆಂಬರ್‌ನಿಂದ ವೃತ್ತಿಪರ ಲಾರಿ ಚಾಲಕರಿಗೆ 5 ವರ್ಷಕ್ಕೊಮ್ಮೆ 35 ಗಂಟೆಯ ತರಬೇತಿ ಕಡ್ಡಾಯ. ಅದಾಗದಿದ್ದರೆ ಚಾಲಕ ಅರ್ಹತೆಯ ಕಾರ್ಡಿಲ್ಲ, ಕಾರ್ಡಿಲ್ಲದಿದ್ದರೆ ಕೂಲಿಯಿಲ್ಲ. ಆದರೆ ಕೊನೆಯಲ್ಲಿ ಪಾಸು-ಫೇಲಿನ ಗೊಡವೆಯೂ ಇಲ್ಲ. ಕೂತರೆ ಸಾಕು. ಹಾಗಾಗಿ ಬೋಧಕನಾಗಹೊರಟವನು ಮೊದಲು ಕರಗತ ಮಾಡಿಕೊಳ್ಳಬೇಕಾದ ವಿದ್ಯೆ ಚಾಲನೆಯ ಹೊತ್ತನ್ನು ದಾಖಲಿಸುವ ಟ್ಯಾಕೋಗ್ರಾಫ್ ಯಂತ್ರದ್ದಲ್ಲ, ಸಾಮಾನ್ಯವಾಗಿ 7 ಗಂಟೆ ನಡೆಯುವ ತರಗತಿಯಲ್ಲಿ ಜನರನ್ನು ಎಚ್ಚರವಾಗಿಡುವುದು. ಅದೂ ಎಂಥವರನ್ನು? ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಎಂಬ ನಿಯಮವನ್ನು ಬೆನ್ನುಮೂಳೆಯಿಂದಲೇ ಬಲ್ಲವರನ್ನು. ಅದನ್ನೇ ಅವರಿಗೆ ಮತ್ತೆ ಪರದೆಯ ಮೇಲೆ, ಬಣ್ಣಬಣ್ಣದಲ್ಲಿ, ತೋರಿಸಬೇಕು!

“ಹಾಗಾದರೆ ಪರೀಕ್ಷೆ ಇಟ್ಟುಬಿಡಿ, ಮುಗೀತಲ್ಲ!” ಅಷ್ಟು ಸಲೀಸಲ್ಲ ಮಾರಾಯರೆ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನ ಅನ್ನವನ್ನು ಒಂದು ಪ್ರಶ್ನೆಪತ್ರಿಕೆಗೆ ಗಂಟುಹಾಕುವುದು ಅನ್ಯಾಯ ಎಂಬ ವಾದದಲ್ಲಿ ತಿರುಳಿದೆ. ಓದುಬರಹಕ್ಕೆ ತಡವರಿಸುವವನು ಸರಕನ್ನು ಅಚ್ಚುಕಟ್ಟಾಗಿ ಬಿಗಿಯಬಲ್ಲ. ಆದರೆ ಚಾಲಕನಿಗೆ ಪರೀಕ್ಷೆ ಬೇಡವೆಂದರೆ ಪಾಠಕ್ಕೂ ಬೇಡವೆಂದೇನೂ ಆಗುವುದಿಲ್ಲವಲ್ಲ. ಲಾರಿಯ ಎತ್ತರ ಮರೆತು ರೈಲ್ವೆ ಸೇತುವೆಗೆ ತಲೆ ಚಚ್ಚಿಕೊಳ್ಳುವುದು ಆ ದೇಶದಲ್ಲಿ ಇಂದಿಗೂ ನಿಂತಿಲ್ಲ. ಎಡಗನ್ನಡಿಗೆ ಸಿಗದ ಸೈಕಲ್ ಸವಾರನ ಅಪಾಯವೂ ತಪ್ಪಿಲ್ಲ. ಪಾಠ ಕೇಳಿದವರ ಲಾರಿ ಆಮೇಲೆ ಹೇಗೆ ಓಡಿತು ಎಂಬುದರಿಂದ ಬೋಧಕನನ್ನು ಅಳೆಯಬಹುದಿತ್ತು. ಸದ್ಯಕ್ಕೆ ಚಾಲಕನ ಹೆಸರಿನ ಮುಂದೆ ದಾಖಲಾಗುವುದು ಕೂತ ಗಂಟೆಗಳ ಲೆಕ್ಕ.